ನೆಲದ ಮೇಲೆ ಸಾಗಿದ ಹಡಗುಗಳು

‘ಕಾನ್‌ಸ್ಟಾಂಟಿನೋಪಲ್ ನಗರ ಟರ್ಕರ ವಶವಾದದ್ದು ಯಾವಾಗ?’ ಪ್ರೌಢಶಾಲೆಯ ಮಕ್ಕಳಿಗೆ ಇದು ಒಂದು ಅಂಕದ ಪ್ರಶ್ನೆ. ‘1453’ ಎಂದು ಬರೆದರೆ ಅಂಕ ಸಿಕ್ಕಿತು, ಮುಂದಿನ ಪ್ರಶ್ನೆಗೆ ಹೋಗಬಹುದು. ಆದರೆ ಆ ನಾಲ್ಕು ಅಂಕಿಗಳ ಹಿಂದೆ 53 ದಿನಗಳ ಒಂದು ಮುತ್ತಿಗೆಯ ಕಥೆ ಇದೆ. ಅದರಲ್ಲಿ ಗುಡ್ಡ ಹತ್ತಿ ಇಳಿದ ಹಡಗುಗಳಿವೆ, ಎತ್ತುಗಳು ಎಳೆದು ತಂದ ದೈತ್ಯ ಫಿರಂಗಿ ಇದೆ, ಗ್ರಹಣ ಹಿಡಿದ ಚಂದ್ರನಿದ್ದಾನೆ. ಸಾವು ಕಾದಿದೆ ಎಂದು ತಿಳಿದೂ ಕೊಟ್ಟ ಮಾತಿಗಾಗಿ ಹಿಂತಿರುಗಿದ ಹನ್ನೆರಡು ಮಂದಿ ಇದ್ದಾರೆ.

ಮೂರು ಮೂಲೆಯ ನಗರ

ಇಂದಿನ ಟರ್ಕಿ ದೇಶದ ಇಸ್ತಾಂಬುಲ್ ನಗರವೇ ಅಂದಿನ ಕಾನ್‌ಸ್ಟಾಂಟಿನೋಪಲ್. ರೋಮ್ ಸಾಮ್ರಾಟ ಕಾನ್‌ಸ್ಟಂಟೈನ್ ಕ್ರಿ.ಶ. 330ರಲ್ಲಿ ಇದನ್ನು ತನ್ನ ಹೊಸ ರಾಜಧಾನಿಯಾಗಿ ಪ್ರತಿಷ್ಠಾಪಿಸಿದ. ಭೂಪಟ ತೆರೆದು ನೋಡಿ. ಹಳೆಯ ನಗರ ಒಂದು ತ್ರಿಕೋನದಂತೆ ನೀರಿನೊಳಗೆ ಚಾಚಿಕೊಂಡಿದೆ. ದಕ್ಷಿಣಕ್ಕೆ ಮರ್ಮರ ಸಮುದ್ರ, ಪೂರ್ವಕ್ಕೆ ಬಾಸ್ಫರಸ್ ಜಲಸಂಧಿ, ಉತ್ತರಕ್ಕೆ ಗೋಲ್ಡನ್ ಹಾರ್ನ್, ಅಂದರೆ ‘ಚಿನ್ನದ ಕೊಂಬು’ ಎಂಬ ಕಿರಿದಾದ ಕೊಲ್ಲಿ. ಪಶ್ಚಿಮದಲ್ಲಿ ಮಾತ್ರ ನೆಲ.

ಆ ನೆಲದ ಕಡೆಗೆ 5ನೇ ಶತಮಾನದಲ್ಲಿ, ಎರಡನೇ ಥಿಯೊಡೋಸಿಯಸ್‌ನ ಕಾಲದಲ್ಲಿ, ಎದ್ದು ನಿಂತದ್ದು ಜಗತ್ಪ್ರಸಿದ್ಧವಾದ ಕೋಟೆ. ಮೊದಲು ಸುಮಾರು 20 ಮೀಟರ್ ಅಗಲದ ಕಂದಕ, ಅದರಾಚೆ ಹೊರಗೋಡೆ, ಅದರ ಹಿಂದೆ ಸುಮಾರು 12 ಮೀಟರ್ ಎತ್ತರ, 5 ಮೀಟರ್ ದಪ್ಪದ ಒಳಗೋಡೆ. ಈ ಒಳಗೋಡೆಯೊಂದಕ್ಕೇ 96 ಬುರುಜುಗಳು!

ನೀರಿನ ಕಡೆಗೆ ಇನ್ನೊಂದು ರಕ್ಷಣೆ ಇತ್ತು. 7ನೇ ಶತಮಾನದಲ್ಲಿ ಸಿರಿಯಾದಿಂದ ಬಂದ ಕಲ್ಲಿನಿಕಸ್ ಎಂಬಾತ ‘ಗ್ರೀಕ್ ಬೆಂಕಿ’ಯ ಗುಟ್ಟನ್ನು ತಂದುಕೊಟ್ಟನಂತೆ. ಹಡಗಿನ ಮೇಲಿನ ಕೊಳವೆಯಿಂದ ಚಿಮ್ಮುತ್ತಿದ್ದ ಈ ಉರಿಯುವ ದ್ರವ ನೀರಿನ ಮೇಲೂ ಆರುತ್ತಿರಲಿಲ್ಲ. ಕಚ್ಚಾ ಪೆಟ್ರೋಲಿಯಂ ಇದರ ಮುಖ್ಯ ಅಂಶವಾಗಿದ್ದಿರಬೇಕೆಂಬುದು ಇಂದಿನ ವಿದ್ವಾಂಸರ ಊಹೆ. ನೀರಿಗಿಂತ ಹಗುರವಾದ ಎಣ್ಣೆ ತೇಲುತ್ತದೆ, ತೇಲುತ್ತಲೇ ಉರಿಯುತ್ತದೆ. ಕ್ರಿ.ಶ. 717-18ರಲ್ಲಿ ಅರಬ್ಬರ ದೊಡ್ಡ ನೌಕಾಪಡೆ ಹಿಮ್ಮೆಟ್ಟಿದ್ದರಲ್ಲಿ ಈ ಬೆಂಕಿಯ ಪಾಲು ದೊಡ್ಡದು. ಸೂತ್ರವನ್ನು ಎಷ್ಟು ಗುಟ್ಟಾಗಿ ಇಟ್ಟರೆಂದರೆ, ಕೊನೆಗೆ ಅದು ಯಾರಿಗೂ ತಿಳಿಯದೆ ಮರೆತೇ ಹೋಯಿತು.

ಈ ನಗರವನ್ನು ಮೊದಲು ಸೂರೆ ಮಾಡಿದ ಹೊರಗಿನವರು ಮುಸ್ಲಿಮರಲ್ಲ. 1204ರಲ್ಲಿ ನಾಲ್ಕನೆಯ ಧರ್ಮಯುದ್ಧಕ್ಕೆಂದು ಹೊರಟ ಪಶ್ಚಿಮ ಯೂರೋಪಿನ ಕ್ರೈಸ್ತ ಸೈನಿಕರೇ ಈ ಕ್ರೈಸ್ತ ನಗರವನ್ನು ಕೊಳ್ಳೆಹೊಡೆದರು. 1261ರಲ್ಲಿ ನಗರ ಮತ್ತೆ ಗ್ರೀಕರ ಕೈಗೆ ಬಂದರೂ ಸಾಮ್ರಾಜ್ಯ ಮೊದಲಿನಂತೆ ಚೇತರಿಸಿಕೊಳ್ಳಲಿಲ್ಲ.

ಹಣವಿಲ್ಲದ ಚಕ್ರವರ್ತಿ

1451ರಲ್ಲಿ ಎರಡನೇ ಮೆಹ್ಮದ್ ಆಟೋಮನ್ ಸುಲ್ತಾನನಾದಾಗ ಅವನಿಗಿನ್ನೂ 19 ತುಂಬಿರಲಿಲ್ಲ. ಮರುವರ್ಷವೇ ಅವನು ಬಾಸ್ಫರಸ್‌ನ ತೀರ ಕಿರಿದಾದ ಜಾಗದಲ್ಲಿ ರುಮೇಲಿ ಹಿಸಾರ್ ಎಂಬ ಕೋಟೆಯನ್ನು ನಾಲ್ಕೂವರೆ ತಿಂಗಳಲ್ಲಿ ಕಟ್ಟಿಸಿದ. ಕಪ್ಪು ಸಮುದ್ರದಿಂದ ನಗರಕ್ಕೆ ಧಾನ್ಯ ತರುವ ದಾರಿ ಅವನ ಫಿರಂಗಿಗಳ ಗುರಿಗೆ ಸಿಕ್ಕಿತು.

ಅದೇ ಸಮಯದಲ್ಲಿ ಹಂಗೇರಿಯ ಓರ್ಬಾನ್ ಎಂಬ ಫಿರಂಗಿ ಎರಕದವನು ಕೆಲಸ ಕೇಳಿಕೊಂಡು ಚಕ್ರವರ್ತಿ ಹನ್ನೊಂದನೇ ಕಾನ್‌ಸ್ಟಂಟೈನ್‌ನ ಬಳಿ ಬಂದ. ಬೊಕ್ಕಸ ಬರಿದಾಗಿತ್ತು. ಕೇಳಿದಷ್ಟು ಸಂಬಳ ಕೊಡಲಾಗಲಿಲ್ಲ, ಬೇಕಾದ ಲೋಹವೂ ಇರಲಿಲ್ಲ. ಓರ್ಬಾನ್ ನೇರವಾಗಿ ಸುಲ್ತಾನನ ಬಳಿಗೆ ನಡೆದ. ಮೆಹ್ಮದ್ ಅವನು ಕೇಳಿದ್ದಕ್ಕಿಂತ ಹೆಚ್ಚಿಗೇ ಕೊಟ್ಟ.

ಎದಿರ್ನೆ ನಗರದಲ್ಲಿ ಎರಕ ಹೊಯ್ದ ಆ ಕಂಚಿನ ಫಿರಂಗಿ ಸುಮಾರು 8 ಮೀಟರ್ ಉದ್ದವಿತ್ತು. ಅದು ಹಾರಿಸುತ್ತಿದ್ದ ಕಲ್ಲುಗುಂಡಿನ ತೂಕ 500 ಕಿಲೋಗ್ರಾಂಗೂ ಹೆಚ್ಚು. ಎಳೆಯಲು 60 ಎತ್ತುಗಳು, ಹಾದಿ ಸರಿಪಡಿಸಲು ಮುಂದೆ ಮುಂದೆ ಕೆಲಸಗಾರರ ತಂಡ. ಒಮ್ಮೆ ಹಾರಿಸಿದರೆ ಕೊಳವೆ ಕೆಂಡದಂತೆ ಕಾಯುತ್ತಿತ್ತು. ಅದು ತಣ್ಣಗಾಗಿ, ಮತ್ತೆ ಮದ್ದು ತುಂಬಿ ಹೊಡೆಯುವಷ್ಟರಲ್ಲಿ ಹೊತ್ತು ಹೋಗುತ್ತಿತ್ತು. ದಿನಕ್ಕೆ ಹೆಚ್ಚೆಂದರೆ ಏಳು ಬಾರಿ.

1453ರ ಏಪ್ರಿಲ್ 6ರಂದು ಮುತ್ತಿಗೆ ಆರಂಭವಾಯಿತು. ಹೊರಗೆ ಸುಮಾರು 80 ಸಾವಿರ ಸೈನಿಕರಿದ್ದರೆಂದು ಅನೇಕ ಇತಿಹಾಸಕಾರರ ಅಂದಾಜು. ಒಳಗೆ ಆಯುಧ ಹಿಡಿಯಬಲ್ಲವರು ಸುಮಾರು 7 ಸಾವಿರ.

ಕಲ್ಲು ಸೋತಲ್ಲಿ ಮಣ್ಣು ಗೆದ್ದಿತು

ಸಾವಿರ ವರ್ಷ ನಿಂತ ಗೋಡೆ ಕಲ್ಲುಗುಂಡುಗಳ ಹೊಡೆತಕ್ಕೆ ಕುಸಿಯತೊಡಗಿತು. ಆಗ ಜಿನೋವಾದ ಸೇನಾನಿ ಜಿಯೊವಾನಿ ಜಿಯುಸ್ಟಿನಿಯಾನಿ ಒಂದು ಉಪಾಯ ಮಾಡಿದ. ಇವನು ಜನವರಿಯಲ್ಲಿ 700 ಮಂದಿಯೊಡನೆ ನೆರವಿಗೆ ಬಂದಿದ್ದವನು. ಗೋಡೆ ಬಿದ್ದ ಕಡೆಯಲ್ಲೆಲ್ಲ ರಾತ್ರೋರಾತ್ರಿ ಮಣ್ಣು, ಮರದ ತೊಲೆ, ಸೌದೆಯ ಕಟ್ಟು, ಮಣ್ಣು ತುಂಬಿದ ಪೀಪಾಯಿಗಳಿಂದ ತಡೆ ಕಟ್ಟಿಸಿದ. ಬೆಳಿಗ್ಗೆ ಬಡಿದ ಗುಂಡು ಅದರಲ್ಲಿ ಹೂತುಹೋಗುತ್ತಿತ್ತು, ತಡೆ ಒಡೆಯುತ್ತಿರಲಿಲ್ಲ.

ಕ್ರಿಕೆಟ್ ಆಡುವ ಹುಡುಗರಿಗೆ ಇದರ ಮರ್ಮ ಗೊತ್ತು. ಕ್ಯಾಚ್ ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರಲ್ಲ? ಚೆಂಡು ನಿಲ್ಲಲು ಹೆಚ್ಚು ಸಮಯ ಕೊಟ್ಟರೆ ಕೈಗೆ ಬೀಳುವ ಬಲ ಕಡಿಮೆಯಾಗುತ್ತದೆ. ಗಟ್ಟಿ ಕಲ್ಲು ಗುಂಡನ್ನು ಒಂದೇ ಕ್ಷಣದಲ್ಲಿ ತಡೆಯಲು ಹೋಗಿ ಬಿರಿಯಿತು. ಮೆತ್ತನೆಯ ಮಣ್ಣು ನಿಧಾನವಾಗಿ ತಡೆದು ಉಳಿಯಿತು.

ಸರಪಳಿಗೆ ಸುಲ್ತಾನನ ಉತ್ತರ

ಚಿನ್ನದ ಕೊಂಬಿನ ಬಾಯಿಗೆ ಅಡ್ಡಲಾಗಿ ಒಂದು ಭಾರಿ ಕಬ್ಬಿಣದ ಸರಪಳಿ ಕಟ್ಟಲಾಗಿತ್ತು. ಮುಳುಗದಂತೆ ಅದನ್ನು ಮರದ ತೆಪ್ಪಗಳು ಎತ್ತಿಹಿಡಿದಿದ್ದವು. ಟರ್ಕರ ನೌಕೆಗಳಿಗೆ ಅದನ್ನು ದಾಟಲಾಗಲಿಲ್ಲ. ಏಪ್ರಿಲ್ 20ರಂದು ಮೂರು ಜಿನೋವಾ ಹಡಗುಗಳೂ ಚಕ್ರವರ್ತಿಯ ಒಂದು ಧಾನ್ಯದ ಹಡಗೂ ನೂರಾರು ಟರ್ಕಿ ದೋಣಿಗಳ ನಡುವೆ ಗಂಟೆಗಟ್ಟಲೆ ಹೋರಾಡಿ, ಸಂಜೆ ಗಾಳಿ ಎದ್ದೊಡನೆ ಒಳಗೆ ನುಗ್ಗಿದವು. ದಡದಿಂದ ನೋಡುತ್ತಿದ್ದ ಸುಲ್ತಾನ ಕೋಪದಲ್ಲಿ ಕುದುರೆಯನ್ನು ಸಮುದ್ರಕ್ಕೇ ಇಳಿಸಿದನಂತೆ!

ಎರಡೇ ದಿನದ ಮೇಲೆ, ಏಪ್ರಿಲ್ 22ರ ಬೆಳಿಗ್ಗೆ, ಗೋಡೆಯ ಮೇಲಿದ್ದವರಿಗೆ ನಂಬಲಾಗದ ನೋಟ ಕಂಡಿತು. ಎದುರಿನ ಗುಡ್ಡದ ಮೇಲಿಂದ ಹಡಗುಗಳು ಸಾಲುಸಾಲಾಗಿ ಇಳಿದು ಬರುತ್ತಿದ್ದವು! ಗಲಾಟಾ ಬಡಾವಣೆಯ ಹಿಂಬದಿಯಲ್ಲಿ ದಾರಿ ಮಾಡಿ, ಕೊಬ್ಬು ಸವರಿದ ಮರದ ದಿಮ್ಮಿಗಳನ್ನು ಹಾಸಿ, ಜನರೂ ಎತ್ತುಗಳೂ ಸೇರಿ ಸುಮಾರು 70 ಹಡಗುಗಳನ್ನು ಎಳೆದು ತಂದಿದ್ದರು. ಒರಟು ನೆಲದ ಘರ್ಷಣೆಯನ್ನು ಜಾರುವ ದಿಮ್ಮಿ ಕಡಿಮೆ ಮಾಡುತ್ತದೆ ಎಂಬ ಸರಳ ತತ್ತ್ವದ ಮುಂದೆ ಕಬ್ಬಿಣದ ಸರಪಳಿ ವ್ಯರ್ಥವಾಯಿತು. ಇನ್ನು ಆ ಕಡೆಯ ಗೋಡೆಗೂ ಕಾವಲು ಬೇಕು. ಇದ್ದ ಕೆಲವೇ ಸಾವಿರ ಮಂದಿ ಇನ್ನಷ್ಟು ಹಂಚಿಹೋದರು.

ಹನ್ನೆರಡು ಮಂದಿಯ ಮಾತು

ವೆನಿಸ್‌ನಿಂದ ನೌಕಾಪಡೆ ನೆರವಿಗೆ ಬರುತ್ತದೆಂಬ ಆಸೆಯೊಂದೇ ಉಳಿದಿತ್ತು. ಮೇ 3ರ ರಾತ್ರಿ ಒಂದು ಚಿಕ್ಕ ಹಡಗು ಅದನ್ನು ಹುಡುಕಿ ಹೊರಟಿತು. ಅದರಲ್ಲಿ ಟರ್ಕರಂತೆ ವೇಷ ತೊಟ್ಟ ಹನ್ನೆರಡು ಮಂದಿ. ವಾರಗಟ್ಟಲೆ ಸಮುದ್ರವನ್ನೆಲ್ಲ ಜಾಲಾಡಿದರು. ಒಂದು ಹಾಯಿಯೂ ಕಾಣಲಿಲ್ಲ.

ಈಗ ಏನು ಮಾಡುವುದು? ಎಲ್ಲಾದರೂ ಹೋಗಿ ಪ್ರಾಣ ಉಳಿಸಿಕೊಳ್ಳಬಹುದಿತ್ತು. ನಗರ ಬೀಳುವುದು ನಿಶ್ಚಯ, ಹಿಂದಿರುಗುವುದು ಹುಚ್ಚುತನ ಎಂದ ಒಬ್ಬ. ಉಳಿದವರು ಒಪ್ಪಲಿಲ್ಲ. ಬದುಕಿದರೂ ಸತ್ತರೂ ಸರಿ, ಚಕ್ರವರ್ತಿಗೆ ಸುದ್ದಿ ಮುಟ್ಟಿಸುವುದು ತಮ್ಮ ಕರ್ತವ್ಯ ಎಂದರು. ಮೇ 23ರಂದು ಅವರು ಮರಳಿ ಬಂದು ‘ಯಾರೂ ಬರುತ್ತಿಲ್ಲ’ ಎಂಬ ಸತ್ಯವನ್ನು ತಿಳಿಸಿದರು. ನಗರದೊಳಗೆ ಇದ್ದ ವೆನಿಸ್‌ನ ಹಡಗುವೈದ್ಯ ನಿಕೊಲೊ ಬಾರ್ಬರೊ ಬರೆದಿಟ್ಟ ದಿನಚರಿಯಿಂದಾಗಿ ಈ ಸಂಗತಿ ನಮಗೆ ಉಳಿದಿದೆ. ಆ ಹನ್ನೆರಡು ಮಂದಿಯ ಹೆಸರು ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಅದರ ಹಿಂದಿನ ಸಂಜೆ, ಮೇ 22ರಂದು, ಹುಣ್ಣಿಮೆಯ ಚಂದ್ರ ಗ್ರಹಣ ಹಿಡಿದೇ ಮೇಲೆದ್ದಿದ್ದ. ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದು ಖಗೋಳದ ಲೆಕ್ಕಾಚಾರ. ಅದಕ್ಕೂ ಕೋಟೆಯ ಗೋಡೆಗೂ ಸಂಬಂಧವಿಲ್ಲ. ಆದರೆ ನಗರದ ಜನ ಅದನ್ನು ಅಪಶಕುನವೆಂದು ಕಂಡು ಎದೆಗುಂದಿದರು. ಫಿರಂಗಿ ಒಡೆಯಲಾರದ್ದನ್ನು ಭಯ ಒಡೆಯಬಲ್ಲದು.

ಮೇ 29ರ ನಸುಕು

ಮೇ 29ರಂದು ಬೆಳಗಾಗುವ ಎಷ್ಟೋ ಮೊದಲೇ ಅಂತಿಮ ದಾಳಿ ಮೊದಲಾಯಿತು. ಎರಡು ಅಲೆಗಳನ್ನು ರಕ್ಷಕರು ತಡೆದರು. ಮೂರನೆಯದು ಸುಲ್ತಾನನ ಆಯ್ದ ಪಡೆ, ಜಾನಿಸರಿಗಳದು. ಆ ಹೊತ್ತಿನಲ್ಲೇ ಜಿಯುಸ್ಟಿನಿಯಾನಿ ಗಾಯಗೊಂಡು ಹಿಂದೆ ಸರಿದ. ಅವನ ಜನ ದಿಕ್ಕೆಟ್ಟರು. ಚಕ್ರವರ್ತಿ ಹೋರಾಡುತ್ತಲೇ ಮಡಿದ. ಬಳಿಕ ನಗರದಲ್ಲಿ ಕೊಲೆ, ಸುಲಿಗೆ ನಡೆದವು. ಸಾವಿರಾರು ಜನ ಸೆರೆಯಾಳುಗಳಾದರು. 537ರಲ್ಲಿ ಕಟ್ಟಿ ಮುಗಿಸಿದ್ದ ಹಗಿಯಾ ಸೋಫಿಯಾ ಚರ್ಚು ಮಸೀದಿಯಾಯಿತು. ಮರುವರ್ಷ ಮೆಹ್ಮದನೇ ಗ್ರೀಕ್ ಕ್ರೈಸ್ತರಿಗೆ ಗೆನ್ನಾಡಿಯಸ್ ಎಂಬ ಧರ್ಮಗುರುವನ್ನು ನೇಮಿಸಿದ.

ಇದನ್ನು ಬರಿಯ ಎರಡು ಮತಗಳ ಯುದ್ಧವೆಂದು ಹೇಳಿಬಿಡುವುದು ಸುಲಭ. ಆದರೆ ಸುಲ್ತಾನನಿಗೆ ಫಿರಂಗಿ ಎರಕ ಹೊಯ್ದವನು ಕ್ರೈಸ್ತ. ಗೋಡೆಯ ಕೆಳಗೆ ಅವನಿಗಾಗಿ ಸುರಂಗ ತೋಡಿದವರಲ್ಲಿ ಸರ್ಬಿಯಾದ ಗಣಿಗಾರರಿದ್ದರು. ಇತ್ತ ಚಕ್ರವರ್ತಿಯ ಪರವಾಗಿ ಆಟೋಮನ್ ವಂಶದ ರಾಜಕುಮಾರ ಓರ್ಹಾನ್ ತನ್ನ ಟರ್ಕಿ ಅನುಚರರೊಡನೆ ಗೋಡೆ ಕಾಯುತ್ತಿದ್ದ.

ಈ ಪತನದಿಂದಾಗಿಯೇ ಯೂರೋಪಿನವರು ಭಾರತಕ್ಕೆ ಸಮುದ್ರಮಾರ್ಗ ಹುಡುಕಿದರು ಎಂಬ ಮಾತಿಗೂ ಸ್ವಲ್ಪ ತಿದ್ದುಪಡಿ ಬೇಕು. ಪೋರ್ಚುಗೀಸರು 1415ರಲ್ಲೇ ಆಫ್ರಿಕಾದ ಸ್ಯೂಟಾವನ್ನು ಗೆದ್ದು ಆ ಖಂಡದ ಕರಾವಳಿ ಹಿಡಿದು ಸಾಗತೊಡಗಿದ್ದರು. 1453 ಅವರ ಅನೇಕ ಕಾರಣಗಳಲ್ಲಿ ಒಂದು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, 45 ವರ್ಷಗಳ ನಂತರ.

ಆ ಹಳೆಯ ಸರಪಳಿಯ ಕೊಂಡಿಗಳನ್ನು ಇಂದಿಗೂ ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯಗಳಲ್ಲಿ ನೋಡಬಹುದು. ಗಟ್ಟಿಯಾಗಿಯೇ ಇವೆ. ಸರಪಳಿ ಕೊನೆಯವರೆಗೂ ಸುಲ್ತಾನನ ಕೈಯಲ್ಲಿ ತುಂಡಾಗಲಿಲ್ಲ. ಅವನು ಅದನ್ನು ಸುತ್ತಿಕೊಂಡು ಹೋದ, ಅಷ್ಟೆ. ಮುಂದಿನ ಪರೀಕ್ಷೆಯಲ್ಲಿ ‘1453’ ಎಂದು ಬರೆಯುವ ಮಕ್ಕಳು ಆ ಕೊಂಡಿಗಳನ್ನೂ, ಮರಳಿ ಬಂದ ಹನ್ನೆರಡು ಮಂದಿಯನ್ನೂ ಒಮ್ಮೆ ನೆನೆಯಲಿ.