ಕ್ಲಚ್ ತುಳಿದಾಗ ಎಂಜಿನ್ ಒಳಗೆ ಏನಾಗುತ್ತೆ? ಬೀಟಲ್ ಕಾರಿನ ಬೇರಿಂಗ್ ಮತ್ತು ದುರಸ್ತಿಯ ಹಕ್ಕು

ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಹುಟ್ಟಿನ ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತೆ. 'ಜನರ ಕಾರು' ಕೊಡ್ತೀವಿ ಅಂತ ಹಿಟ್ಲರ್ ಸರ್ಕಾರ ವಾರಕ್ಕೆ 5 ಮಾರ್ಕ್‌ನಂತೆ 3 ಲಕ್ಷಕ್ಕೂ ಹೆಚ್ಚು ಜನರಿಂದ ಕಂತು ಕಟ್ಟಿಸಿಕೊಂಡಿತು. ಅವರಲ್ಲಿ ಒಬ್ಬರಿಗೂ ಕಾರು ಸಿಗಲಿಲ್ಲ. ಯುದ್ಧ ಮುಗಿದ ಮೇಲೆ ಅದೇ ಕಾರು ನಿಜಕ್ಕೂ ಜನರ ಕೈಗೆ ಬಂತು. 2003ರಲ್ಲಿ ಮೆಕ್ಸಿಕೋದಲ್ಲಿ ಕೊನೆಯದು ತಯಾರಾಗುವ ಹೊತ್ತಿಗೆ ಲೆಕ್ಕ 2.15 ಕೋಟಿ ದಾಟಿತ್ತು. ಆದರೆ ನನಗೆ ಈಗ ಬೇಕಿರುವುದು ಆ ಕಾರಿನ ಹಿಂಬದಿಯ ಗಾಳಿ-ತಂಪಿನ ಎಂಜಿನ್ ಒಳಗಿರುವ ಬಳೆಯಂಥ ಒಂದು ಬೇರಿಂಗ್.

ದುರಸ್ತಿಯ ಹಕ್ಕು ಅಂತ ನಾವೆಲ್ಲ ಮಾತಾಡ್ತೀವಿ. ಕೇಂದ್ರ ಸರ್ಕಾರ ಕೂಡ 2022ರಲ್ಲಿ ಅದಕ್ಕೊಂದು ಸಮಿತಿ ಮಾಡಿ, ಪೋರ್ಟಲ್ ಶುರು ಮಾಡಿತು. ಆದರೆ ದುರಸ್ತಿ ಅಂದ್ರೆ ಕೈಯಲ್ಲಿ ಸ್ಪ್ಯಾನರ್ ಇದ್ದರೆ ಸಾಕಾಗಲ್ಲ, ಎಷ್ಟು ಸಂದು ಬಿಡಬೇಕು, ಎಷ್ಟು ಸವೆದರೆ ಅಪಾಯ ಅನ್ನೋ ಅಂಕಿಗಳೂ ಬೇಕು. ಬೀಟಲ್ ಈ ವಿಷಯದಲ್ಲಿ ಒಳ್ಳೆಯ ಉದಾಹರಣೆ.

ಕ್ರ್ಯಾಂಕ್‌ಶಾಫ್ಟ್ ತಿರುಗುತ್ತೆ ಅಂತ ಎಲ್ಲರಿಗೂ ಗೊತ್ತು. ಅದು ಹಿಂದಕ್ಕೂ ಮುಂದಕ್ಕೂ ಜರುಗಲು ನೋಡುತ್ತೆ ಅನ್ನೋದು ಅಷ್ಟಾಗಿ ಯಾರ ಗಮನಕ್ಕೂ ಬರಲ್ಲ. ನೀವು ಕ್ಲಚ್ ತುಳಿದಾಗ ರಿಲೀಸ್ ಬೇರಿಂಗ್ ಕ್ಲಚ್ ಸ್ಪ್ರಿಂಗನ್ನು ಒತ್ತುತ್ತೆ, ಆ ಒತ್ತಡ ಫ್ಲೈವೀಲ್ ಮೂಲಕ ಇಡೀ ಶಾಫ್ಟನ್ನು ಎಂಜಿನ್ ಒಳಕ್ಕೆ ತಳ್ಳುತ್ತೆ. ಬೀಟಲ್‌ನಲ್ಲಿ ಇದನ್ನು ತಡೆಯೋದು ಫ್ಲೈವೀಲ್ ಪಕ್ಕದ ಒಂದನೇ ನಂಬರ್ ಬೇರಿಂಗ್. ಅದಕ್ಕೆ ಎರಡೂ ಕಡೆ ಅಂಚು ಇದೆ. ಅಂಚಿಗೂ ಫ್ಲೈವೀಲ್‌ಗೂ ನಡುವೆ ಕಾಗದದಷ್ಟು ತೆಳ್ಳಗಿನ ಮೂರು ಉಕ್ಕಿನ ಶಿಮ್‌ಗಳು. ಶಾಫ್ಟಿಗೆ ಬಿಡಬೇಕಾದ ಆಟ 0.07ರಿಂದ 0.13 ಮಿಲಿಮೀಟರ್. 0.15 ದಾಟಿದರೆ ಎಂಜಿನ್ ಬಿಚ್ಚಿ ಅಂತಲೇ ಅರ್ಥ.

ತೊಂದರೆ ಎಣ್ಣೆಯದ್ದು. ಮಾಮೂಲಿ ದುಂಡು ಬೇರಿಂಗ್‌ನಲ್ಲಿ ಶಾಫ್ಟ್ ಕೊಂಚ ಓರೆಯಾಗಿ ಕೂತಿರುತ್ತೆ. ಒಂದು ಕಡೆ ಸಂದು ಅಗಲ, ಇನ್ನೊಂದು ಕಡೆ ಕಿರಿದು. ತಿರುಗುವ ಶಾಫ್ಟ್ ಎಣ್ಣೆಯನ್ನು ಕಿರಿದಾದ ಕಡೆಗೆ ಎಳೆದುಕೊಂಡು ಹೋಗುತ್ತೆ, ಅಲ್ಲಿ ಹುಟ್ಟುವ ಒತ್ತಡವೇ ಶಾಫ್ಟನ್ನು ಲೋಹದಿಂದ ಎತ್ತಿ ಹಿಡಿಯುತ್ತೆ. ಇದನ್ನು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಣಿತದಲ್ಲಿ ತೋರಿಸಿದರು. ಆದರೆ ಥ್ರಸ್ಟ್ ಅಂಚು ಸಪಾಟು, ಅದರೆದುರಿನ ಶಿಮ್ ಕೂಡ ಸಪಾಟು. ಕಿರಿದಾಗುವ ಸಂದೇ ಇಲ್ಲ ಅಂದಮೇಲೆ ಎಣ್ಣೆ ಭಾರ ಹೊರೋದು ಹೇಗೆ? ಸಾಲದ್ದಕ್ಕೆ ಅಲ್ಲಿಗೆ ತಲುಪುವುದು ದುಂಡು ಬೇರಿಂಗ್‌ನಿಂದ ಸೋರಿದ ಎಣ್ಣೆ ಮಾತ್ರ. ಮನೆಯವರೆಲ್ಲ ಉಂಡ ಮೇಲೆ ಉಳಿದ ಸಾರು ಇದ್ದ ಹಾಗೆ.

ಮಾಮೂಲಿ 1600 ಸಿಸಿ ಎಂಜಿನ್‌ಗೆ ಇಷ್ಟು ಸಾಕಾಗುತ್ತೆ. ದೊಡ್ಡ ಪಿಸ್ಟನ್ ಹಾಕಿ 1776 ಸಿಸಿ ಮಾಡಿ, ಶಕ್ತಿ ಏರಿಸಿದಾಗ ಕ್ಲಚ್ ಜಾರದಿರಲಿ ಅಂತ ಬಿಗಿ ಸ್ಪ್ರಿಂಗಿನ ಪ್ರೆಷರ್ ಪ್ಲೇಟ್ ಕೂರಿಸ್ತಾರೆ. ಥ್ರಸ್ಟ್ ಅಂಚಿನ ಮೇಲಿನ ಭಾರ ಅಷ್ಟೇ ಏರುತ್ತೆ. ಇತ್ತ ಎಂಜಿನ್‌ನಲ್ಲಿರುವುದೇ ಸುಮಾರು ಎರಡೂವರೆ ಲೀಟರ್ ಆಯಿಲ್. ನೀರಿಲ್ಲದ ಎಂಜಿನ್‌ನಲ್ಲಿ ಶಾಖ ಹೊರುವ ಕೆಲಸದ ದೊಡ್ಡ ಪಾಲೂ ಅದರದ್ದೇ. ಕಾದಷ್ಟೂ ತೆಳ್ಳಗಾಗುತ್ತೆ.

ಇದಕ್ಕೆ ಎಂಜಿನ್ ಕಟ್ಟುವವರು ಮಾಡೋದು ಸರಳ ಉಪಾಯ. ಫ್ಲೈವೀಲ್ ಕಡೆಯ ಅಂಚಿನ ಮುಖದಲ್ಲಿ, ಒಳಗಿನಿಂದ ಹೊರಮುಖವಾಗಿ ಕೆಲವು ಸಣ್ಣ ಗಾಡಿಗಳನ್ನು ಕೊರೆಯುತ್ತಾರೆ. ಅವು ಹೊರ ಅಂಚಿಗೆ ಮುಟ್ಟಬಾರದು, ಮುಟ್ಟಿದರೆ ಎಣ್ಣೆ ನಿಲ್ಲದೆ ಹರಿದುಹೋಗುತ್ತೆ. ಗಾಡಿಯ ಒಂದು ಬದಿಯನ್ನು, ಶಾಫ್ಟ್ ತಿರುಗುವ ದಿಕ್ಕಿಗೆ, ಮೆಲ್ಲಗೆ ಇಳಿಜಾರು ಮಾಡ್ತಾರೆ. ಈಗ ಸಪಾಟು ಮುಖದಲ್ಲೂ ಕಿರಿದಾಗುವ ಸಂದು ಸಿಕ್ಕಿತು, ರೆನಾಲ್ಡ್ಸ್ ಹೇಳಿದ ಒತ್ತಡ ಅಲ್ಲೂ ಹುಟ್ಟುತ್ತೆ. (ಆಸ್ಟ್ರೇಲಿಯಾದ ಮಿಚೆಲ್, ಅಮೆರಿಕದ ಕಿಂಗ್ಸ್‌ಬರಿ ನೂರು ವರ್ಷಕ್ಕೂ ಹಿಂದೆ ಹಡಗು ಮತ್ತು ಜಲವಿದ್ಯುತ್ ಯಂತ್ರಗಳ ಥ್ರಸ್ಟ್ ಬೇರಿಂಗ್‌ಗೆ ತಾವಾಗೇ ಓರೆಯಾಗುವ ತುಂಡುಗಳನ್ನು ಕೂರಿಸಿ ಗೆದ್ದಿದ್ದು ಇದೇ ತತ್ವದಿಂದ. ಕಾರಿನ ಅಂಚಿನಲ್ಲಿ ಅದಕ್ಕೆ ಜಾಗ ಇಲ್ಲ.)

ಅತಿಯಾಸೆ ಬೇಡ. ಗಾಡಿ ದೊಡ್ಡದಾದರೆ ದುಂಡು ಬೇರಿಂಗ್‌ಗೆ ಬೇಕಾದ ಎಣ್ಣೆಯೇ ಸೋರಿಹೋಗಿ ಒತ್ತಡ ಬೀಳುತ್ತೆ. ಭಾರ ಹೊರುವ ಮುಖದ ಅಳತೆಯೂ ಕಡಿಮೆಯಾಗುತ್ತೆ. ಹೆಚ್ಚುವರಿ ಎಣ್ಣೆ ವಾಪಸ್ ಸಂಪಿಗೆ ಇಳಿಯುವ ದಾರಿಯಲ್ಲಿ ಕಸ ಇದ್ದರೆ ಅದು ಸೀಲ್ ದಾಟಿ ಕ್ಲಚ್ ಮೇಲೆ ಬರುತ್ತೆ. ಬಿಗಿ ಕ್ಲಚ್‌ಗಾಗಿ ಮಾಡಿದ ಕೆಲಸ ಕ್ಲಚ್ಚನ್ನೇ ಜಾರಿಸಿದ ಹಾಗಾಯ್ತು.

ನನ್ನ ಕೇಳಿದರೆ ಕೊರೆಯೋದಕ್ಕೂ ಮುಂಚೆ ಮಾಡಬೇಕಾದ್ದು ಬೇರೆ ಇದೆ. ಎಂಜಿನ್ ಹೊರಬಲ್ಲ ಶಕ್ತಿಗೆ ತಕ್ಕಷ್ಟೇ ಬಿಗಿಯ ಕ್ಲಚ್ ಹಾಕಿ. ಕಾಲು ನೋಯುವಷ್ಟು ಗಟ್ಟಿ ಪೆಡಲ್ ರೇಸಿಂಗ್ ಲಕ್ಷಣ ಅನ್ನೋದು ಬರೀ ಜಂಬ. ಸ್ಟಾರ್ಟ್ ಮಾಡುವಾಗ ನ್ಯೂಟ್ರಲ್‌ಗೆ ಹಾಕಿ ಕ್ಲಚ್‌ನಿಂದ ಕಾಲು ತೆಗೀರಿ, ಯಾಕಂದ್ರೆ ಆ ಮೊದಲ ಕ್ಷಣಗಳಲ್ಲಿ ಅಂಚಿಗೆ ಎಣ್ಣೆಯೇ ತಲುಪಿರಲ್ಲ. ಸಿಗ್ನಲ್‌ನಲ್ಲೂ ಅಷ್ಟೇ. ಸಿಲ್ಕ್ ಬೋರ್ಡ್‌ನಲ್ಲಿ ಗೇರ್ ಹಾಕಿ, ಕ್ಲಚ್ ತುಳಿದುಕೊಂಡೇ ಫೋನ್ ನೋಡೋ ಅಭ್ಯಾಸ ಯಾವ ಕಾರಿಗೂ ಒಳ್ಳೆಯದಲ್ಲ.

ಇಷ್ಟೆಲ್ಲ ಯಾಕೆ ಅಂದ್ರೆ, ಬೇರಿಂಗ್ ಸವೆದಾಗ ನಷ್ಟ ಬೇರಿಂಗ್‌ಗೇ ನಿಲ್ಲಲ್ಲ. ಬೀಟಲ್ ಎಂಜಿನ್‌ನ ಕೇಸ್ ಮೆಗ್ನೀಷಿಯಂ ಮಿಶ್ರಲೋಹದ್ದು, ಮೆದು. ಹಿಂದೆಮುಂದೆ ಬಡಿಯುವ ಶಾಫ್ಟ್ ಅದನ್ನೇ ಜಜ್ಜುತ್ತೆ. ಆಮೇಲೆ ಕೇಸನ್ನು ಮಷೀನ್‌ನಲ್ಲಿ ಕೊರೆಸಿ ದೊಡ್ಡ ಅಳತೆಯ ಬೇರಿಂಗ್ ಹಾಕಬೇಕು, ಅದೂ ಆಗದಿದ್ದರೆ ಗುಜರಿ.

ಪತ್ತೆಹಚ್ಚೋಕೆ ಸ್ಕ್ಯಾನರ್ ಬೇಡ, ಕಂಪನಿಯ ಪಾಸ್‌ವರ್ಡ್ ಬೇಡ. ಎಂಜಿನ್ ಆಫ್ ಮಾಡಿ, ಹಿಂದಿನ ಮುಚ್ಚಳ ಎತ್ತಿ, ಕ್ರ್ಯಾಂಕ್ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮ ಕಡೆ ಎಳೀರಿ, ಆಮೇಲೆ ತಳ್ಳಿ. 'ಟಕ್' ಅಂತ ಕೇಳಿಸಿದರೆ ಡಯಲ್ ಗೇಜ್ ಇಟ್ಟು ಅಳೆದು, 0.15ರ ಜೊತೆ ಹೋಲಿಸಿ ನೋಡಿ.