ಮೂರು ಕಾಳು ಕೊಡು ಪುಟ್ಟಿ

ಅವರೆಕಾಯಿ ಕಾಲ. ಕೋಲಾರದ ಕಡೆಯ ನಮ್ಮೂರಿನಲ್ಲಿ ಡಿಸೆಂಬರ್ ಬಂತೆಂದರೆ ಮನೆಮನೆಯ ಜಗಲಿಯ ಮೇಲೂ ಸೊಗಡಿನ ಕಾಯಿ ರಾಶಿ ಬೀಳುತ್ತದೆ. ಅಮ್ಮ ಮೊರ ಮುಂದಿಟ್ಟುಕೊಂಡು ಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ನನ್ನ ತಂಗಿಯ ಮಗಳು, ಆಗಷ್ಟೇ ಮೂರು ವರ್ಷ ತುಂಬಿದವಳು. ಹತ್ತರವರೆಗೆ ಎಣಿಸುವುದು ಅವಳಿಗೆ ಬಾಯಿಪಾಠ. ಮನೆಗೆ ಬಂದವರ ಮುಂದೆಲ್ಲ ಒಪ್ಪಿಸಿ ಶಭಾಷ್ ಅನ್ನಿಸಿಕೊಂಡಿದ್ದಳು.

"ಎರಡು ಕಾಳು ಕೊಡು ಪುಟ್ಟಿ" ಎಂದಳು ಅಮ್ಮ. ಎರಡೇ ಕೊಟ್ಟಳು.

"ಈಗ ಮೂರು ಕೊಡು."

ಪುಟ್ಟಿ ಬೊಗಸೆ ತುಂಬ ಕಾಳು ಮೊಗೆದು ಅಜ್ಜಿಯ ಮಡಿಲಿಗೆ ಸುರಿದಳು. ಮುಖದಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಕೇಳಿದ್ದನ್ನು ಕೊಟ್ಟ ತೃಪ್ತಿಯೇ ಇತ್ತು.

"ಹತ್ತರವರೆಗೆ ಬರುತ್ತೆ, ಮೂರು ಬರಲ್ವಲ್ಲ!" ಎಂದು ತಂಗಿ ಪೇಚಾಡಿಕೊಂಡಳು. ಪೇಚಾಡುವಂಥದ್ದೇನೂ ಇರಲಿಲ್ಲ. ಅಮೆರಿಕದ ಮನೋವಿಜ್ಞಾನಿ ಕ್ಯಾರೆನ್ ವಿನ್ 1990ರ ಸುಮಾರಿಗೆ ಪುಟ್ಟ ಮಕ್ಕಳ ಮುಂದೆ ಆಟಿಕೆಗಳ ರಾಶಿ ಇಟ್ಟು ಹೀಗೆಯೇ ಕೇಳುತ್ತಾ ಹೋದರು: ಒಂದು ಕೊಡು, ಎರಡು ಕೊಡು, ಮೂರು ಕೊಡು. ಆಗ ತಿಳಿದದ್ದು ಇದು: ಮಕ್ಕಳಿಗೆ ಎಣಿಕೆ ಮೊದಲು ಒಂದು ಹಾಡು. 'ಒಂದು ಎರಡು ಮೂರು' ಎಂಬುದು ಅವರಿಗೆ ಪದಗಳ ಸಾಲು, ಅಷ್ಟೇ. ಅದರಲ್ಲಿ ಮೊದಲು 'ಒಂದು' ಎಂಬ ಪದಕ್ಕೆ ಅರ್ಥ ಹುಟ್ಟುತ್ತದೆ. ಕೆಲವು ತಿಂಗಳ ನಂತರ 'ಎರಡು', ಮತ್ತೂ ಕೆಲವು ತಿಂಗಳಿಗೆ 'ಮೂರು'. ಆಮೇಲೆ ಒಂದು ದಿನ ಇಡೀ ವ್ಯವಸ್ಥೆಯೇ ಹೊಳೆಯುತ್ತದೆ. ಕೊನೆಯಲ್ಲಿ ಬಾಯಿಗೆ ಬಂದ ಸಂಖ್ಯೆಯೇ ಗುಂಪಿನ ಒಟ್ಟು ಎಂದು ಗೊತ್ತಾದ ಮೇಲೆ ಐದು, ಆರು, ಏಳನ್ನು ಬೇರೆಬೇರೆಯಾಗಿ ಕಲಿಯಬೇಕಾಗಿಲ್ಲ. ಈ ಇಡೀ ದಾರಿಗೆ ವರ್ಷಕ್ಕಿಂತ ಹೆಚ್ಚು ಹಿಡಿಯುತ್ತದೆ. ನಮ್ಮ ಪುಟ್ಟಿ ಆ ದಾರಿಯಲ್ಲಿ 'ಎರಡು' ದಾಟಿ ನಿಂತಿದ್ದಳು. ಅವಳ ವಯಸ್ಸಿಗೆ ಅದು ಸರಿಯಾದ ಜಾಗವೇ.

ಅಮ್ಮ ಏನು ಮಾಡಿದಳು ನೋಡಿ. 'ತಪ್ಪು' ಎನ್ನಲಿಲ್ಲ. ಮಡಿಲಿನ ರಾಶಿಯಿಂದ ಮೂರು ಕಾಳು ಎತ್ತಿ ಅಂಗೈಯಲ್ಲಿಟ್ಟು, "ಇಲ್ನೋಡು, ಮೂರು ಕಾಳು. ಒಂದು, ಎರಡು, ಮೂರು" ಎಂದು ತೋರಿಸಿ ಮತ್ತೆ ಸುಲಿಯತೊಡಗಿದಳು. ಒಟ್ಟು ಎಷ್ಟೆಂದು ಹೇಳಿ, ಆ ಕೂಡಲೇ ಎಣಿಸಿ ತೋರಿಸಿದರೆ ಬರೀ ಎಣಿಸಿದ್ದಕ್ಕಿಂತ ಮಗು ಬೇಗ ಹಿಡಿಯುತ್ತದೆ ಎಂದು ಪ್ರಯೋಗಗಳು ಹೇಳುತ್ತವೆ. ಅಮ್ಮ ಆ ಪ್ರಯೋಗಗಳನ್ನು ಓದಿದವಳಲ್ಲ. ಆದರೆ ಅರ್ಧ ನಿಮಿಷದಲ್ಲಿ ಮಗು ಎಲ್ಲಿದೆ ಎಂದು ನೋಡಿಯೂ ಬಿಟ್ಟಳು, ಮುಂದಿನ ಹೆಜ್ಜೆಯನ್ನು ಕಲಿಸಿಯೂ ಬಿಟ್ಟಳು. ಎಳೆಯ ಮಕ್ಕಳ ವಿಷಯದಲ್ಲಿ ಗಮನಿಸುವುದೂ ಕಲಿಸುವುದೂ ಎರಡು ಕೆಲಸವಲ್ಲ ಎಂದು ನನಗೆ ಮನದಟ್ಟಾದದ್ದು ಆ ಜಗಲಿಯಲ್ಲಿ.

ಗಮನಿಸುವುದಕ್ಕೆ ನಮ್ಮಲ್ಲಿ ಏರ್ಪಾಡೇನೂ ಇಲ್ಲದಿಲ್ಲ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಅಂದಿನಿಂದ ಅಂಗನವಾಡಿ ಕಾರ್ಯಕರ್ತೆಯರು ಮಕ್ಕಳನ್ನು ತೂಗಿ ಚುಕ್ಕೆ ಇಡುತ್ತಲೇ ಬಂದಿದ್ದಾರೆ. ತಾಯಿ ಕಾರ್ಡಿನಲ್ಲಿರುವ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳ ಚಿತ್ರವನ್ನು ನೀವೂ ನೋಡಿರುತ್ತೀರಿ. ಅದರಲ್ಲಿ ಒಂದು ಚುಕ್ಕೆಗೆ ಹೆಚ್ಚು ಬೆಲೆಯಿಲ್ಲ; ಚುಕ್ಕೆಗಳನ್ನು ಸೇರಿಸಿದ ಗೆರೆ ಏರುತ್ತಿದೆಯೇ, ಮಟ್ಟಸವಾಗಿದೆಯೇ, ಇಳಿಯುತ್ತಿದೆಯೇ ಎಂಬುದೇ ಮುಖ್ಯ. ಹಸಿರಿನಲ್ಲಿದ್ದೂ ಮೂರು ತಿಂಗಳಿಂದ ಮೇಲೇರದ ಗೆರೆ ಚಿಂತೆಯ ವಿಷಯ. ಹಳದಿಯಲ್ಲಿದ್ದೂ ತಿಂಗಳು ತಿಂಗಳೂ ಏರುತ್ತಿರುವ ಗೆರೆ ಭರವಸೆಯದು.

ತೂಕಕ್ಕೆ ತಕ್ಕಡಿ ಇದೆ. ಕೂರುವುದಕ್ಕೆ, ನಡೆಯುವುದಕ್ಕೆ? ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ 816 ಮಕ್ಕಳನ್ನು ಹಿಂಬಾಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ಆಧಾರವಿಲ್ಲದೆ ತಾನಾಗಿ ನಡೆಯುವುದು 8.2 ತಿಂಗಳಿಂದ 17.6 ತಿಂಗಳವರೆಗೆ ಯಾವಾಗ ಬಂದರೂ ಸಹಜವೇ. ಅಂದರೆ ಹತ್ತಿರ ಹತ್ತಿರ ಒಂಬತ್ತೂವರೆ ತಿಂಗಳ ಅಂತರ! ಎದುರುಮನೆಯ ಮಗು ಹತ್ತು ತಿಂಗಳಿಗೆ ಓಡಾಡಿತೆಂದು ಹದಿಮೂರು ತಿಂಗಳ ಮಗುವಿನ ತಾಯಿ ನಿದ್ದೆಗೆಡಬೇಕಾಗಿಲ್ಲ. ಅದೇ ಅಧ್ಯಯನದಲ್ಲಿ ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲು ಇಡಲೇ ಇಲ್ಲ, ನೇರ ಎದ್ದು ನಡೆದವು. 2022ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಮಕ್ಕಳ ಬೆಳವಣಿಗೆಯ ಮೈಲಿಗಲ್ಲುಗಳ ತನ್ನ ಪಟ್ಟಿಯನ್ನು ಪರಿಷ್ಕರಿಸಿದಾಗ ಅಂಬೆಗಾಲನ್ನು ಕೈಬಿಟ್ಟಿತು. ಅರ್ಧದಷ್ಟು ಮಕ್ಕಳು ಮಾಡುವ ವಯಸ್ಸಿಗೆ ಬದಲಾಗಿ ಮುಕ್ಕಾಲು ಪಾಲು ಮಕ್ಕಳು ಮಾಡುವ ವಯಸ್ಸನ್ನು ನಮೂದಿಸತೊಡಗಿತು. ಕಾರಣ ಸರಳ. ಅರ್ಧ ಮಕ್ಕಳು ಮಾಡುವ ವಯಸ್ಸನ್ನೇ ಗುರುತಾಗಿಟ್ಟರೆ ಉಳಿದರ್ಧ ಮಕ್ಕಳ ಬಗ್ಗೆ ಏನು ಹೇಳಬೇಕೆಂದು ವೈದ್ಯರಿಗೇ ತೋಚುವುದಿಲ್ಲ. 'ಕಾದು ನೋಡೋಣ' ಎಂದುಬಿಡುತ್ತಾರೆ.

ನನಗೆ ಬಹಳ ಇಷ್ಟವಾದದ್ದು ನಮ್ಮ ನೆರೆಯ ತಿರುವನಂತಪುರದ ಮಕ್ಕಳ ವಿಕಾಸ ಕೇಂದ್ರದವರು 1991ರಲ್ಲಿ ಹೊರತಂದ ಒಂದೇ ಪುಟದ ನಕ್ಷೆ. ಎರಡು ವರ್ಷದೊಳಗಿನ ಮಕ್ಕಳಿಗಾಗಿ ಹದಿನೇಳು ಅಂಶಗಳು. ಮಾತಾಡಿಸಿದರೆ ನಗುವುದರಿಂದ ಶುರುವಾಗಿ ಕತ್ತು ನಿಲ್ಲುವುದು, ಬೋರಲು ಬೀಳುವುದು, ಚಪ್ಪಾಳೆ ಆಟ, ಹಿಮ್ಮುಖ ನಡಿಗೆ, ಗೊಂಬೆಯ ಕಣ್ಣು ಮೂಗು ತೋರಿಸುವುದು ಎಲ್ಲ ಅದರಲ್ಲಿವೆ. ಒಂದೊಂದಕ್ಕೂ ಒಂದೊಂದು ಅಡ್ಡಪಟ್ಟಿ. ಮಗುವಿನ ವಯಸ್ಸಿನ ಮೇಲೆ ಪೆನ್ಸಿಲನ್ನು ನೆಟ್ಟಗೆ ಇಟ್ಟು, ಅದರ ಎಡಕ್ಕೆ ಮುಗಿದುಹೋದ ಪಟ್ಟಿಗಳಲ್ಲಿ ಮಗು ಮಾಡದ್ದು ಯಾವುದಾದರೂ ಇದೆಯೇ ನೋಡಿದರಾಯಿತು. ಆರೋಗ್ಯ ಕಾರ್ಯಕರ್ತೆಯೊಬ್ಬಳು ಐದಾರು ನಿಮಿಷದಲ್ಲಿ ಮುಗಿಸಬಹುದು. ಒಂದು ಎಚ್ಚರಿಕೆ: ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಎಷ್ಟು ವಾರ ಕಡಿಮೆಯಾಯಿತೋ ಅಷ್ಟನ್ನು ವಯಸ್ಸಿನಿಂದ ಕಳೆಯಬೇಕು. ಮೂವತ್ತೆರಡನೇ ವಾರಕ್ಕೆ ಹುಟ್ಟಿದ ಮಗು ಆರು ತಿಂಗಳಿಗೆ ಕಲಿಯುವುದನ್ನು ಎಂಟು ತಿಂಗಳಿಗೆ ಕಲಿತರೆ ಅದು ತಡವಲ್ಲ. ಎರಡು ವರ್ಷದವರೆಗೂ ಈ ಲೆಕ್ಕ ಇಟ್ಟುಕೊಳ್ಳಬೇಕು.

ಆದರೆ ಕಾಯಬಾರದ ಸಂಗತಿಗಳೂ ಇವೆ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮ ಬೀದಿಯ ಹುಡುಗನೊಬ್ಬನಿಗೆ ಮಾತು ಬರಲಿಲ್ಲ. 'ಅವರಪ್ಪನೂ ತಡವಾಗಿಯೇ ಮಾತಾಡಿದ್ದು', 'ಗಂಡುಮಕ್ಕಳಿಗೆ ಮಾತು ನಿಧಾನ' ಎಂದರು. ಬಜೆ ತೇಯ್ದು ನಾಲಿಗೆಗೆ ಹಚ್ಚಿದರು. ಮೂರೂವರೆ ವರ್ಷಕ್ಕೆ ಪರೀಕ್ಷೆ ಮಾಡಿಸಿದಾಗ ತಿಳಿದದ್ದು, ದೋಷ ನಾಲಿಗೆಯಲ್ಲಲ್ಲ, ಕಿವಿಯಲ್ಲಿ. ಕೇಳದ ಮಾತನ್ನು ಮಗು ಆಡುವುದಾದರೂ ಹೇಗೆ? ಹುಟ್ಟಿದ ತಿಂಗಳೊಳಗೆ ಕಿವಿಯ ತಪಾಸಣೆ, ಸಂದೇಹವಿದ್ದರೆ ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಎಂಬುದು ಇಂದು ಜಗತ್ತು ಒಪ್ಪಿದ ಲೆಕ್ಕ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕೆಲಸದಲ್ಲಿ ತೊಡಗಿದೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳೂ ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಆ ದಿನ ಮಗುವನ್ನು ತಪ್ಪಿಸದೆ ಕಳಿಸಿ. ವರ್ಷ ತುಂಬಿದರೂ ಬೆರಳು ಮಾಡಿ ತೋರಿಸದಿದ್ದರೆ, ಬಾ-ಬಾ, ದಾ-ದಾ ಎಂದು ತೊದಲದಿದ್ದರೆ, ಹದಿನಾರು ತಿಂಗಳಿಗೆ ಒಂದು ಪದವೂ ಇಲ್ಲದಿದ್ದರೆ, ಎರಡು ವರ್ಷಕ್ಕೆ 'ಅಮ್ಮ ಬಾ', 'ಹಾಲು ಬೇಡ' ಎಂಬಂಥ ಎರಡು ಪದಗಳ ಮಾತು ಬರದಿದ್ದರೆ ಮುಂದಿನ ಹಬ್ಬದವರೆಗೆ ನೋಡೋಣ ಎನ್ನಬೇಡಿ. ಬಂದಿದ್ದ ಮಾತು ಯಾವ ವಯಸ್ಸಿನಲ್ಲಿ ನಿಂತುಹೋದರೂ ಕೂಡಲೇ ವೈದ್ಯರ ಹತ್ತಿರ ಹೋಗಿ. ನಮ್ಮ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ. ಎರಡು ಭಾಷೆ ಕೇಳಿ ಮಾತು ತಡವಾಯಿತು ಎಂದು ಹೇಳುವುದುಂಟು, ಅದು ನಿಜವಲ್ಲ. ಎಲ್ಲ ಭಾಷೆಯ ಪದಗಳನ್ನೂ ಸೇರಿಸಿ ಲೆಕ್ಕ ಹಾಕಿದರಾಯಿತು.

ಕಿವಿಯ ಮಾತು ಬಂತಲ್ಲ, 'ತಟ್ಟೆ' ಎಂದು ಒಮ್ಮೆ ಹೇಳಿ ನೋಡಿ. ತ ಹೇಳುವಾಗ ನಾಲಿಗೆ ಹಲ್ಲಿಗೆ ತಾಗುತ್ತದೆ, ಟ ಹೇಳುವಾಗ ಮೇಲಕ್ಕೆ ಮಡಚಿಕೊಳ್ಳುತ್ತದೆ. ಈ ಎರಡರ ವ್ಯತ್ಯಾಸ ಇಂಗ್ಲಿಷರ ಕಿವಿಗೆ ಸುಲಭವಾಗಿ ಸಿಗುವುದಿಲ್ಲ. ಕೆನಡಾದ ಜಾನೆಟ್ ವೆರ್ಕರ್ 1984ರಲ್ಲಿ ಹಿಂದಿಯ ಇದೇ ತ, ಟ ಧ್ವನಿಗಳನ್ನು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಹೆಚ್ಚಿನವು ವ್ಯತ್ಯಾಸ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಕೂಸುಗಳಲ್ಲಿ ಆ ಶಕ್ತಿ ಬಹುಪಾಲು ಮಾಯವಾಗಿತ್ತು. ಹುಟ್ಟುವಾಗ ಜಗತ್ತಿನ ಎಲ್ಲ ಭಾಷೆಗೂ ತೆರೆದಿರುವ ಕಿವಿ, ವರ್ಷ ತುಂಬುವಷ್ಟರಲ್ಲಿ ತನ್ನ ಮನೆಯ ಮಾತಿಗೆ ಹೊಂದಿಕೊಂಡು ಬೇಡದ್ದನ್ನು ಬಿಟ್ಟುಬಿಡುತ್ತದೆ. ಹಲ್ಲಿ ಬೇರೆ, ಹಳ್ಳಿ ಬೇರೆ ಎಂಬ ಪಾಠ ನಡೆಯುವುದು ಸ್ಲೇಟು ಬಳಪ ಕೈಗೆ ಬರುವುದಕ್ಕೆ ಎಷ್ಟೋ ಮೊದಲು, ಎಣ್ಣೆ ನೀರು ಹಾಕುತ್ತಾ ಕಾಲ ಮೇಲೆ ಮಲಗಿಸಿಕೊಂಡು ಅಜ್ಜಿ ಆಡುವ ಮಾತಿನಲ್ಲಿ.

ಫೋನಿನಲ್ಲಿ ಕಥೆ ಹಾಕಿಕೊಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಸಿಯಾಟಲ್‌ನ ಪೆಟ್ರೀಶಿಯಾ ಕೂಲ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನಿಯರು ಎದುರು ಕೂತು ಹನ್ನೆರಡು ಸಲ ಆಟವಾಡಿಸಿ ಓದಿ ಹೇಳಿದರು. ಕೂಸುಗಳು ಚೀನೀ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಮಾತನ್ನು ಟಿವಿಯಲ್ಲಿ ನೋಡಿದ ಕೂಸುಗಳು ಏನೂ ಕಲಿಯಲಿಲ್ಲ. ಎದುರಿಗಿರುವ ಮನುಷ್ಯ ಮಗುವಿನ ಕಣ್ಣು ಎತ್ತ ಹೋಯಿತೋ ಅತ್ತ ನೋಡುತ್ತಾನೆ, ಅದು 'ಊಂ' ಎಂದರೆ ತಾನೂ ಓಗೊಡುತ್ತಾನೆ. ಪರದೆಗೆ ಅದು ಆಗದು.

ಹೀಗೆ ಓಗೊಡುವುದನ್ನು ಮನೆಮನೆಗೂ ಕಲಿಸಿದರೆ ಏನಾಗುತ್ತದೆ? ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ಜಮೈಕಾದ್ದು. 1986-87ರಲ್ಲಿ ಸ್ಯಾಲಿ ಗ್ರಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆ ಮತ್ತವರ ಸಂಗಡಿಗರು ರಾಜಧಾನಿ ಕಿಂಗ್‌ಸ್ಟನ್ನಿನ ಬಡ ಬಡಾವಣೆಗಳಲ್ಲಿ ಒಂಬತ್ತರಿಂದ ಇಪ್ಪತ್ನಾಲ್ಕು ತಿಂಗಳ, ವಯಸ್ಸಿಗೆ ತಕ್ಕ ಎತ್ತರವಿಲ್ಲದ 129 ಮಕ್ಕಳನ್ನು ಆರಿಸಿ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಒಂದು ಕಿಲೋ ಹಾಲಿನ ಪುಡಿಯ ಆಹಾರ. ಇನ್ನೊಂದಕ್ಕೆ ವಾರಕ್ಕೆ ಒಂದು ಗಂಟೆ ಮನೆಭೇಟಿ. ಮೂರನೆಯದಕ್ಕೆ ಎರಡೂ. ನಾಲ್ಕನೆಯದಕ್ಕೆ ಎರಡೂ ಇಲ್ಲ. ಮನೆಗೆ ಹೋಗುತ್ತಿದ್ದವರು ತಜ್ಞರಲ್ಲ, ನಮ್ಮ ಆಶಾ ಕಾರ್ಯಕರ್ತೆಯರಂಥ ಹೆಂಗಸರು. ಚೀಲದಲ್ಲಿ ಖಾಲಿ ಬಾಟಲಿ, ಮುಚ್ಚಳ, ರಟ್ಟು, ಬಟ್ಟೆ ಚೂರಿನಿಂದ ಮಾಡಿದ ಆಟಿಕೆಗಳು. ಅವರು ಮಗುವನ್ನಷ್ಟೇ ಆಡಿಸಿ ಬರುತ್ತಿರಲಿಲ್ಲ. ಹೇಗೆ ಆಡಿಸಬೇಕು, ಏನು ಹೇಳಬೇಕು ಎಂದು ತಾಯಿಗೆ ತೋರಿಸಿಕೊಡುತ್ತಿದ್ದರು. ಆಟಿಕೆಯನ್ನು ಅಲ್ಲೇ ಬಿಟ್ಟು ಬಂದು, ಮುಂದಿನ ವಾರ ಬೇರೆಯದನ್ನು ಒಯ್ಯುತ್ತಿದ್ದರು. ಹೀಗೆ ಎರಡು ವರ್ಷ.

ಆ ಮಕ್ಕಳು ಇಪ್ಪತ್ತರ ಹರೆಯ ಮುಟ್ಟಿದ ಮೇಲೆ ಸಂಶೋಧಕರು ಅವರನ್ನು ಹುಡುಕಿಕೊಂಡು ಹೋದರು. 2014ರಲ್ಲಿ ಪ್ರಕಟವಾದ ಆ ವರದಿಯನ್ನು ಓದಿದಾಗ ಕಣ್ಣು ತೇವವಾಯಿತು. ಮನೆಭೇಟಿ ಸಿಕ್ಕವರ ಗಳಿಕೆ ಸಿಗದವರಿಗಿಂತ ಶೇಕಡಾ 25ರಷ್ಟು ಹೆಚ್ಚಿತ್ತು. ಅದೇ ಬಡಾವಣೆಯ, ಕುಂಠಿತವಾಗದೆ ಬೆಳೆದ ಮಕ್ಕಳ ಗಳಿಕೆಯನ್ನು ಅವರು ಸರಿಗಟ್ಟಿದ್ದರು. ಹಾಲಿನ ಆಹಾರದ ಲಾಭ ಮೊದಲಿಗೆ ಕಂಡರೂ ಅಷ್ಟು ದೂರ ಬರಲಿಲ್ಲ. ಹಸಿದ ಮಗುವಿಗೆ ಊಟ ಬೇಡವೆಂದಲ್ಲ, ಖಂಡಿತ ಬೇಕು. ತಟ್ಟೆಯ ಜೊತೆಗೆ ಮಾತೂ ಬೇಕು.

ಇನ್ನು ಅಕ್ಷರ. ಮೂರು ವರ್ಷದ ಮಗುವಿನ ಮುಷ್ಟಿಯಲ್ಲಿ ಬಳಪ ತುರುಕಿ ಅ ತಿದ್ದಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಮಗು ವೃತ್ತ ಬರೆಯುವುದು ಮೂರರ ಸುಮಾರಿಗೆ, ಕೂಡಿಸುವ ಚಿಹ್ನೆ ನಾಲ್ಕಕ್ಕೆ, ತ್ರಿಕೋನ ಐದಕ್ಕೆ. ನಮ್ಮ ಅಕ್ಷರಗಳ ಸುರುಳಿ, ಒತ್ತು, ಕೊಂಬು ಅದಕ್ಕಿಂತ ಎಷ್ಟು ತೊಡಕಿನವು! ಕನ್ನಡ ಶಾಲೆಗಳ ಮಕ್ಕಳನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲಿ ತೋರಿಸಿಕೊಟ್ಟಂತೆ, ಗುಣಿತಾಕ್ಷರ ಒತ್ತಕ್ಷರಗಳೆಲ್ಲ ಕೈವಶವಾಗಲು ನಾಲ್ಕನೇ ತರಗತಿಯವರೆಗೂ ಸಮಯ ಹಿಡಿಯುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಂತೂ ಅ ಆ ಇ ಈ ಬಿಟ್ಟು ರ, ಗ, ಸ, ದ, ಅ ಎಂದು ತೊಡಗುತ್ತಾರೆ. ಐದೇ ಅಕ್ಷರ ಬಂದರೆ ಸರ, ರಸ, ಅಗಸ, ಅರಸ, ಗರಗಸ ಎಲ್ಲವನ್ನೂ ಓದಬಹುದು. ಅದು ಶಾಲೆಯ ಕೆಲಸ. ಅಲ್ಲಿಯವರೆಗೆ ಕೈಗೆ ಚಪಾತಿ ಹಿಟ್ಟು, ಸುಲಿಯಲು ಬಟಾಣಿ, ರಂಗೋಲಿ ಪುಡಿ ಕೊಡಿ. ಕಿವಿಗೆ ಪ್ರಾಸದ ಹಾಡು, ಒಗಟು. 'ಮರ'ದ ಕೊನೆಯಲ್ಲಿ ಬರುವ ಸದ್ದು 'ಸರ'ದಲ್ಲೂ ಇದೆಯಲ್ಲ ಎಂದು ಹುಡುಕಿ ಕುಣಿಯುವ ಮಗು ಓದಿನ ಅರ್ಧ ದಾರಿ ನಡೆದಿರುತ್ತದೆ.

ಯುಗಾದಿಗೆ ಮತ್ತೆ ಊರಿಗೆ ಹೋಗಿದ್ದೆ. ಅವರೆ ಮುಗಿದು ಹುಣಿಸೆಹಣ್ಣು ಬಂದಿತ್ತು. ಅಮ್ಮ ಕಲ್ಲಿನ ಮೇಲೆ ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು, ಪುಟ್ಟಿ ಬೀಜಗಳನ್ನು ಅಳಗುಳಿಮಣೆಯ ಗುಳಿಗಳಿಗೆ ತುಂಬುತ್ತಿದ್ದಳು.

"ಮೂರು ಬೀಜ ಕೊಡು ಪುಟ್ಟಿ."

ಒಂದು ಎತ್ತಿದಳು. ಇನ್ನೊಂದು ಎತ್ತಿದಳು. ತಡೆದು, ಅಜ್ಜಿಯ ಮುಖ ನೋಡಿ, ಮತ್ತೊಂದನ್ನು ಇಟ್ಟು ಅಂಗೈ ಮುಚ್ಚಿ ಕೊಟ್ಟಳು. ಅಮ್ಮ ನನ್ನತ್ತ ನೋಡಿದಳು.

"ಈಗ ನಾಲ್ಕು ಕೊಡು."

ಪುಟ್ಟಿ ಎರಡೂ ಕೈಯಿಂದ ಬೊಗಸೆ ತುಂಬ ಮೊಗೆದು ಸುರಿದಳು.