ಸರ್ಕಾರಿ ಶಾಲೆಯೋ, ಕಾನ್ವೆಂಟೋ? ಮನೆಯಲ್ಲೇ ಕೂತು ಲೆಕ್ಕ ಹಾಕೋಣ

ಯುಗಾದಿ ಮುಗಿದು, ಮಾವಿನಕಾಯಿ ಉಪ್ಪಿನಕಾಯಿ ಜಾಡಿಗೆ ಇಳಿಯುವ ಹೊತ್ತಿಗೆ ನಮ್ಮಂಥ ಸಣ್ಣ ಊರುಗಳ ಮನೆಮನೆಯಲ್ಲೂ ಒಂದೇ ಮಾತು. "ಮಗೂನ ಯಾವ ಸ್ಕೂಲಿಗೆ ಹಾಕ್ತೀರ?" ನೀರು ಹಿಡಿಯುವಾಗ ಅದೇ, ಮದುವೆ ಮನೆಯ ಊಟದ ಸಾಲಿನಲ್ಲೂ ಅದೇ. ಸರ್ಕಾರಿ ಶಾಲೆ ಎಂದರೆ ಕೇಳಿದವರ ಮುಖ ಒಂದು ಥರ ಆಗುತ್ತದೆ. ಕಾನ್ವೆಂಟು ಎಂದರೆ "ಓ, ಒಳ್ಳೇದಾಯ್ತು ಬಿಡಿ" ಎನ್ನುತ್ತಾರೆ. ಯಾವ ಕಾನ್ವೆಂಟು, ಅಲ್ಲಿ ಯಾರು ಪಾಠ ಹೇಳುತ್ತಾರೆ ಎಂದು ಮಾತ್ರ ಯಾರೂ ಕೇಳುವುದಿಲ್ಲ!

ಓದುಗ ಸೋದರಿಯರೇ, ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದ ಗೃಹಿಣಿ, ಎರಡು ಮಕ್ಕಳ ತಾಯಿ. ಇದೇ ಸರಿ, ಅದೇ ತಪ್ಪು ಎಂದು ಹೇಳುವಷ್ಟು ದೊಡ್ಡವಳಲ್ಲ. ಆದರೆ ಈ ವಿಷಯದಲ್ಲಿ ನಾಲ್ಕು ಶಾಲೆಗಳ ಮೆಟ್ಟಿಲು ಹತ್ತಿ ಇಳಿದವಳು. ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ನಿಮ್ಮ ಮನೆಗೆ ಯಾವುದು ಹೊಂದುತ್ತದೋ ನೀವೇ ನೋಡಿಕೊಳ್ಳಿ.

ಮೊದಲು ದುಡ್ಡಿನ ಮಾತು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಖಾಸಗಿ ಶಾಲೆಯ ಖರ್ಚು ಎಂದಾಗ ನಾವು ಶುಲ್ಕವನ್ನಷ್ಟೇ ಲೆಕ್ಕ ಹಿಡಿಯುತ್ತೇವೆ. ಒಂದು ಉದಾಹರಣೆ ನೋಡಿ. ವರ್ಷದ ಶುಲ್ಕ 35,000 ರೂಪಾಯಿ ಎಂದಿಟ್ಟುಕೊಳ್ಳಿ. ವ್ಯಾನಿಗೆ ತಿಂಗಳಿಗೆ 1,000ದಂತೆ ಹತ್ತು ತಿಂಗಳಿಗೆ 10,000. ಪುಸ್ತಕ, ಎರಡು ಜೊತೆ ಯೂನಿಫಾರಂ, ಶೂ, ಬೆಲ್ಟು, ಟೈ ಎಲ್ಲ ಸೇರಿ 7,000. ಮನೆಯಲ್ಲಿ ಇಂಗ್ಲಿಷ್ ಹೇಳಿಕೊಡುವವರಿಲ್ಲ ಎಂದು ಟ್ಯೂಷನ್ನಿಗೆ ತಿಂಗಳಿಗೆ 600ರಂತೆ 6,000. ಒಟ್ಟು 58,000 ಆಯಿತು. ಇಬ್ಬರು ಮಕ್ಕಳಾದರೆ 1,16,000. ತಿಂಗಳಿಗೆ 25,000 ಬರುವ ಮನೆಯಲ್ಲಿ ಇದು ವರ್ಷದ ಆದಾಯದ ಮೂರನೇ ಒಂದು ಪಾಲಿಗಿಂತ ಹೆಚ್ಚು. ಮೊದಲ ವರ್ಷ ಹೇಗೋ ಹೊಂದಿಸಬಹುದು. ಹತ್ತು ವರ್ಷ ಹೊಂದಿಸಬೇಕಲ್ಲ! ಶುಲ್ಕವೂ ಅಲ್ಲೇ ನಿಂತಿರುವುದಿಲ್ಲ. ಕೊರಳ ಸರ ಅಡವಿಟ್ಟು ಒಂದನೇ ತರಗತಿಗೆ ಸೇರಿಸಿದರೆ, ಹತ್ತನೇ ತರಗತಿಗೆ ಏನು ಅಡವಿಡುತ್ತೀರಿ?

ಸರ್ಕಾರಿ ಶಾಲೆಯಲ್ಲಿ ಶುಲ್ಕವಿಲ್ಲ. ಪಠ್ಯಪುಸ್ತಕ, ಸಮವಸ್ತ್ರ, ಶೂ ಅಲ್ಲೇ ಸಿಗುತ್ತವೆ. ನಮ್ಮ ರಾಜ್ಯದಲ್ಲಿ 2002ರಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟ ಈಗ ಹತ್ತನೇ ತರಗತಿವರೆಗೂ ಇದೆ. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲು ಬಂತು. ಈಚೆಗೆ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣೋ ಚಿಕ್ಕಿಯೋ ಕೊಡುತ್ತಾರೆ. ಬೆಳಿಗ್ಗೆ ಎಂಟಕ್ಕೆ ಡಬ್ಬಿ ಕಟ್ಟುವ ಗಡಿಬಿಡಿ ತಿಳಿದವರಿಗೆ ಬಿಸಿ ಅನ್ನ-ಸಾರಿನ ಬೆಲೆ ಗೊತ್ತು.

ಇವೆರಡರ ನಡುವೆ ಇನ್ನೊಂದಿದೆ, ಮರೆಯಬೇಡಿ. ಅದು ಅನುದಾನಿತ ಶಾಲೆ. ಆಡಳಿತ ಮಂಡಳಿ ಖಾಸಗಿಯವರದು, ಶಿಕ್ಷಕರ ಸಂಬಳ ಸರ್ಕಾರದ್ದು. ಖರ್ಚು ಕಡಿಮೆ, ಬಿಸಿಯೂಟವೂ ಉಂಟು. ಹಳೆಯ ಊರುಗಳಲ್ಲಿ ಇಂಥ ಒಳ್ಳೆಯ ಶಾಲೆಗಳು ಎಷ್ಟೋ ಇವೆ.

"ಆರ್.ಟಿ.ಇ.ಯಲ್ಲಿ ಪುಕ್ಕಟೆ ಸೀಟು ಸಿಗುತ್ತಂತಲ್ಲ?" ಎಂದು ಇಂದಿಗೂ ಕೇಳುವವರಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಖಾಸಗಿ ಶಾಲೆಗಳ ನೂರಕ್ಕೆ 25 ಸೀಟು ಬಡ ಮಕ್ಕಳಿಗೆ ಎಂದಿರುವುದು ನಿಜ. ಆದರೆ ಕರ್ನಾಟಕದಲ್ಲಿ 2019ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅನುದಾನರಹಿತ ಶಾಲೆಯಲ್ಲಿ ಆ ಸೀಟು ಸಿಗುವುದಿಲ್ಲ. ಅದನ್ನೇ ನಂಬಿ ಕೂರಬೇಡಿ.

ಇಂಗ್ಲಿಷ್ ಎಂಬ ಭೂತ

ನಿಜ ಹೇಳಬೇಕೆಂದರೆ ನಾವು ಕಾನ್ವೆಂಟಿನ ಕಡೆ ಓಡುವುದು ಇಂಗ್ಲಿಷಿಗಾಗಿ. ಇದರಲ್ಲಿ ನಾಚಿಕೆ ಏನೂ ಇಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಇಂಗ್ಲಿಷಿನ ಚೀಟಿ ಹಿಡಿದು ಪೆಚ್ಚಾಗಿ ನಿಂತ ತಾಯಿಗೆ, ನನ್ನ ಮಗು ಹೀಗಾಗಬಾರದು ಅನ್ನಿಸುವುದು ಸಹಜ.

ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲೇ ಇರಬೇಕೆಂದು ನಮ್ಮ ಸರ್ಕಾರ 1994ರಲ್ಲಿ ಆದೇಶ ಮಾಡಿತ್ತು. ಸುಪ್ರೀಂ ಕೋರ್ಟು 2014ರ ಮೇ ತಿಂಗಳಲ್ಲಿ, ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಅಂದರೆ ಆಯ್ಕೆ ಈಗ ನಮ್ಮದೇ. ಆಯ್ಕೆ ನಮ್ಮದಾದಾಗ ಯೋಚನೆಯೂ ನಮ್ಮದೇ ಆಗಬೇಕು.

ಇಂಗ್ಲಿಷ್ ಕಲಿಯುವುದು ಬೇರೆ, ಇಂಗ್ಲಿಷಿನಲ್ಲಿ ಕಲಿಯುವುದು ಬೇರೆ. ಸರ್ಕಾರಿ ಶಾಲೆಗಳಲ್ಲೂ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು. ಎಲ್.ಕೆ.ಜಿ.ಯಿಂದ ಪಿ.ಯು.ಸಿ.ವರೆಗೆ ಒಂದೇ ಕಡೆ ಓದುವ ಕರ್ನಾಟಕ ಪಬ್ಲಿಕ್ ಶಾಲೆಗಳೂ ಇವೆ. ನಿಮ್ಮ ತಾಲ್ಲೂಕಿನಲ್ಲಿ ಎಲ್ಲಿವೆ ಎಂದು ಬಿ.ಇ.ಓ. ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ.

ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ ಮಗು ರೈಮ್ಸ್ ಹೇಳಿದರೆ ಸಂತೋಷವೇ. ಆದರೆ ಮೂರನೇ ತರಗತಿಯ ಪಾಠವನ್ನು "ಇದರ ಅರ್ಥ ಏನು ಪುಟ್ಟಾ?" ಎಂದು ಕನ್ನಡದಲ್ಲೇ ಕೇಳಿ ನೋಡಿ. ಅರ್ಥ ಹೇಳಿದರೆ ಶಾಲೆ ಒಳ್ಳೆಯದು. ಪ್ರಶ್ನೋತ್ತರ ಮಾತ್ರ ಗಿಳಿಪಾಠ ಒಪ್ಪಿಸಿ, ಅರ್ಥಕ್ಕೆ ಮಿಕಮಿಕ ನೋಡಿದರೆ ನೀವು ಕೊಡುತ್ತಿರುವ ದುಡ್ಡು ಟೈ-ಬೆಲ್ಟಿಗೆ ಹೋಗುತ್ತಿದೆ ಎಂದು ತಿಳಿಯಿರಿ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಹಾಗೆಂದು ಸರ್ಕಾರಿ ಶಾಲೆಯೇ ಸ್ವರ್ಗ ಎಂದು ನಾನು ಹೇಳಿದರೆ ನೀವು ನಗುತ್ತೀರಿ. ಕೆಲವು ಕಡೆ ಶಿಕ್ಷಕರ ಹುದ್ದೆ ಖಾಲಿ, ಜೂನ್ ಕಳೆದರೂ ಅತಿಥಿ ಶಿಕ್ಷಕರು ಬಂದಿರುವುದಿಲ್ಲ. ಇರುವ ಒಬ್ಬರೇ ಮೇಷ್ಟ್ರು ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಂದು ಓಡಾಡುತ್ತಿರುತ್ತಾರೆ. ಕೆಲವು ಕಡೆ ಶೌಚಾಲಯಕ್ಕೆ ನೀರಿರುವುದಿಲ್ಲ. ಹೆಣ್ಣುಮಗು ದೊಡ್ಡವಳಾದಾಗ ಇದು ಸಣ್ಣ ವಿಷಯವಲ್ಲ.

ಗ್ರಾಮೀಣ ಮಕ್ಕಳ ಓದಿನ ಬಗ್ಗೆ ಅಸರ್ ಎಂಬ ಸಮೀಕ್ಷೆಯ ಸುದ್ದಿಯನ್ನು ನೀವೂ ಪತ್ರಿಕೆಯಲ್ಲಿ ಓದಿರಬಹುದು. ದೇಶದ ಹಳ್ಳಿಗಳಲ್ಲಿ 2022ರಲ್ಲಿ ಐದನೇ ತರಗತಿಯ ನೂರು ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಸುಮಾರು 43 ಮಂದಿ ಮಾತ್ರ. ಖಾಸಗಿ ಶಾಲೆಯ ಮಕ್ಕಳು ಮುಂದಿದ್ದರು. ಆದರೆ ಅಲ್ಲೂ ಓದಲಾರದವರು ಬಹಳ ಇದ್ದರು. ಖಾಸಗಿಗೆ ಹೋಗುವ ಮಕ್ಕಳ ಮನೆಯಲ್ಲಿ ಪುಸ್ತಕ, ಟ್ಯೂಷನ್ನು, ಓದಿದ ತಂದೆತಾಯಿ ಇರುವುದೇ ಹೆಚ್ಚು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ? ಶಾಲೆಯ ಬೋರ್ಡು ನೋಡಿ ನೆಮ್ಮದಿಯಾಗಿ ಇರುವ ಹಾಗಿಲ್ಲ ಎನ್ನುವುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಮಾತು. ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡು ಹಿಡಿದು ಆಡುತ್ತಿದ್ದರೆ "ಇಲ್ಲಿ ಪಾಠವೇ ಇಲ್ಲ" ಎಂದು ವಾಪಸು ಬರಬೇಡಿ. ಅದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಶುರುಮಾಡಿದ ಪದ್ಧತಿ, ಆಮೇಲೆ ರಾಜ್ಯಕ್ಕೆಲ್ಲ ಬಂತು. ಪ್ರತಿ ಮಗುವೂ ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ನಡೆಸುವ ಶಿಕ್ಷಕಿ ಚುರುಕಾಗಿದ್ದರೆ ಬಹಳ ಚೆನ್ನ. ಇಲ್ಲದಿದ್ದರೆ ಬರೀ ಗದ್ದಲ.

ಸೇರಿಸುವ ಮುಂಚೆ ನೋಡಬೇಕಾದದ್ದು

ಸೀರೆ ಕೊಳ್ಳುವಾಗ ಸೆರಗು ಬಿಚ್ಚಿ, ಅಂಚು ಎಳೆದು ನೋಡುತ್ತೇವೆ. ಶಾಲೆಗೂ ಹಾಗೇ ನೋಡಿ.

1. ಶಾಲೆ ನಡೆಯುವ ದಿನವೇ ಹೋಗಿ. ಹನ್ನೊಂದು ಗಂಟೆಗೆ ಎಷ್ಟು ತರಗತಿಯಲ್ಲಿ ಶಿಕ್ಷಕರಿದ್ದಾರೆ, ಎಣಿಸಿ.

2. ಒಂದು ತರಗತಿಯಲ್ಲಿ ಎಷ್ಟು ಮಕ್ಕಳು ಎಂದು ಕೇಳಿ. ಕಾಯ್ದೆಯ ಪ್ರಕಾರ ಐದನೇ ತರಗತಿವರೆಗೆ 30 ಮಕ್ಕಳಿಗೆ ಒಬ್ಬರು, ಆರರಿಂದ ಎಂಟಕ್ಕೆ 35ಕ್ಕೆ ಒಬ್ಬರು ಶಿಕ್ಷಕರಿರಬೇಕು.

3. ಪಾಠ ಹೇಳುವವರು ಡಿ.ಎಡ್. ಅಥವಾ ಬಿ.ಎಡ್. ಮಾಡಿದ್ದಾರೆಯೇ, ವರ್ಷ ವರ್ಷ ಬದಲಾಗುತ್ತಾರೆಯೇ ಎಂದು ವಿಚಾರಿಸಿ. ಸಂಬಳ ಕಡಿಮೆ ಇರುವ ಸಣ್ಣ ಖಾಸಗಿ ಶಾಲೆಗಳಲ್ಲಿ ಟೀಚರ್ ನಿಲ್ಲುವುದೇ ಕಷ್ಟ.

4. ಖಾಸಗಿ ಶಾಲೆಯಾದರೆ ಸರ್ಕಾರದ ಮಾನ್ಯತೆ ಪತ್ರ ತೋರಿಸಿ ಎನ್ನಿ. ಯಾವ ತರಗತಿವರೆಗೆ, ಯಾವ ಮಾಧ್ಯಮಕ್ಕೆ ಮಾನ್ಯತೆ ಎಂದು ಓದಿ. ಸಿ.ಬಿ.ಎಸ್.ಇ. ಎಂದು ಹೇಳಿಕೊಂಡರೆ ಸಂಯೋಜನಾ ಸಂಖ್ಯೆ ಕೇಳಿ. "ಸಿ.ಬಿ.ಎಸ್.ಇ. ಮಾದರಿ" ಎಂದರೆ ಸಿ.ಬಿ.ಎಸ್.ಇ. ಅಲ್ಲ!

5. ವರ್ಷದ ಒಟ್ಟು ಖರ್ಚನ್ನು ಬರೆದುಕೊಡಿ ಎನ್ನಿ, ಕೊಟ್ಟ ದುಡ್ಡಿಗೆ ರಸೀತಿ ಬಿಡಬೇಡಿ. ಡೊನೇಷನ್ ಕೇಳುವುದೂ, ಸೇರಿಸಿಕೊಳ್ಳಲು ಮಗುವಿಗೆ ಪರೀಕ್ಷೆ ಮಾಡುವುದೂ ಕಾಯ್ದೆಗೆ ವಿರುದ್ಧ.

6. ಶೌಚಾಲಯದ ಬಾಗಿಲು ತೆಗೆದು ನೋಡಿ. ಸಂಕೋಚ ಬೇಡ.

7. ಮೂರನೇ ತರಗತಿಯ ಯಾವುದಾದರೂ ಮಗುವಿಗೆ ನಿಮ್ಮ ಕೈಚೀಲದಲ್ಲಿರುವ ಬೆಂಕಿಪೊಟ್ಟಣವನ್ನೋ, ಮದುವೆ ಕಾಗದವನ್ನೋ ಕೊಟ್ಟು ಓದಿಸಿ. 52ರಲ್ಲಿ 17 ಕಳೆಯಲು ಹೇಳಿ. ಈ ಪರೀಕ್ಷೆಗೆ ಐದು ನಿಮಿಷ ಸಾಕು.

ಸೇರಿಸಿದ ಮೇಲೆ ಹೊಂದಲಿಲ್ಲ ಎಂದಾದರೆ ಹೆದರಬೇಡಿ. ಎಂಟನೇ ತರಗತಿಯೊಳಗಿನ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಬರುವುದಾದರೆ ಹಳೆಯ ಶಾಲೆಯವರು ಟಿ.ಸಿ.ಯನ್ನು ಕೂಡಲೇ ಕೊಡಬೇಕು. ಕೊಡಲು ತಡಮಾಡಿದರೂ ಹೊಸ ಶಾಲೆಯವರು ಮಗುವನ್ನು ಬಾಗಿಲಲ್ಲಿ ನಿಲ್ಲಿಸುವಂತಿಲ್ಲ. ಇದು ಕಾಯ್ದೆಯ ಮಾತು.

ಮಗನಿಗೊಂದು, ಮಗಳಿಗೊಂದು?

ಈಗ ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇರುವ ಮಾತು. ನಿಮ್ಮ ಬೀದಿಯನ್ನೇ ಒಮ್ಮೆ ನೋಡಿ. ಅಣ್ಣ ವ್ಯಾನು ಹತ್ತುತ್ತಾನೆ, ತಂಗಿ ನಡೆದು ಹೋಗುತ್ತಾಳೆ. ಒಂದೇ ಮನೆ, ಒಂದೇ ತಟ್ಟೆಯ ಊಟ, ಶಾಲೆ ಮಾತ್ರ ಬೇರೆ. ಯಾಕೆ ಎಂದರೆ "ಅವಳು ಹೇಗೂ ಹೋಗೋಳು" ಎಂಬ ಉತ್ತರ!

ನಮ್ಮಲ್ಲೂ ಈ ಮಾತು ಬಂತು. ಮಗಳು ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿಯಲ್ಲಿದ್ದಳು. ಮಗನಿಗೆ ಐದೂವರೆ ತುಂಬಿದಾಗ ಮನೆಯ ಹಿರಿಯರು "ಗಂಡುಹುಡುಗ, ಇವನನ್ನಾದರೂ ಕಾನ್ವೆಂಟಿಗೆ ಹಾಕೋಣ" ಎಂದರು. ನಾನು ಜಗಳ ಆಡಲಿಲ್ಲ. ಡೈರಿ ತೆಗೆದು ಲೆಕ್ಕ ಬರೆದೆ. "ಇಬ್ಬರಿಗೂ ಆಗುವುದಾದರೆ ಇಬ್ಬರೂ ಹೋಗಲಿ. ಒಬ್ಬರಿಗೇ ಆಗುವುದಾದರೆ ಒಬ್ಬರೂ ಬೇಡ" ಎಂದೆ. ಮನೆಯವರು ಲೆಕ್ಕ ನೋಡಿ ಸುಮ್ಮನಾದರು. ಅತ್ತೆಯವರು ಎರಡು ದಿನ ಮಾತು ಬಿಟ್ಟರು. ಕೊನೆಗೆ ಮಗನೂ ಅಕ್ಕನ ಕೈ ಹಿಡಿದು ಅದೇ ಶಾಲೆಗೆ ಹೋದ.

ಉಳಿದ ದುಡ್ಡಿನಲ್ಲಿ ತಿಂಗಳಿಗೆ 1,500 ರೂಪಾಯಿ ಅಂಚೆ ಕಚೇರಿಯಲ್ಲಿ ಆರ್.ಡಿ. ಕಟ್ಟಿದೆವು. ಮನೆಗೆ ಕನ್ನಡ ಪತ್ರಿಕೆಯೊಂದು, ಒಂದು ಇಂಗ್ಲಿಷ್-ಕನ್ನಡ ನಿಘಂಟು ಬಂತು. ದಿನಾ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಇಬ್ಬರೂ ಗಟ್ಟಿಯಾಗಿ ಓದಬೇಕು, ನಾನು ಸೊಪ್ಪು ಬಿಡಿಸುತ್ತಾ ಕೇಳಬೇಕು. ನನಗೆ ಗೊತ್ತಿಲ್ಲದ ಇಂಗ್ಲಿಷ್ ಪದವನ್ನು ಅವರೇ ನಿಘಂಟಿನಲ್ಲಿ ಹುಡುಕಿ ನನಗೆ ಹೇಳಿಕೊಡುತ್ತಿದ್ದರು.

ಎಲ್ಲ ಸುಲಭವಾಯಿತು ಎಂದರೆ ಸುಳ್ಳಾದೀತು. ಮಗಳು ಪಿ.ಯು.ಸಿ. ಸೈನ್ಸ್ ತೆಗೆದುಕೊಂಡಾಗ ಎಲ್ಲ ಪಾಠ ಇಂಗ್ಲಿಷಿನಲ್ಲಿ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದು, ಎರಡು ತಿಂಗಳು ರಾತ್ರಿ ಅತ್ತಳು. "ವಿಷಯ ಗೊತ್ತಮ್ಮ, ಪದ ಗೊತ್ತಿಲ್ಲ" ಎನ್ನುತ್ತಿದ್ದಳು. ಆರ್.ಡಿ. ದುಡ್ಡಿನಲ್ಲೇ ಟ್ಯೂಷನ್ನು ಕೊಡಿಸಿದೆವು. ಡಿಸೆಂಬರ್ ಹೊತ್ತಿಗೆ ದಾರಿಗೆ ಬಂದಳು. ಈಗ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ. ಮಗನಿಗೆ ಎಂಟನೇ ತರಗತಿಗೆ ಅನುದಾನಿತ ಹೈಸ್ಕೂಲಿನ ಇಂಗ್ಲಿಷ್ ವಿಭಾಗ ಸಿಕ್ಕಿತು. ಅವನಿಗೆ ಅಷ್ಟು ಕಷ್ಟವಾಗಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿಸುವವರು ಒಂಬತ್ತು, ಹತ್ತನೇ ತರಗತಿಯಲ್ಲೇ ವಿಜ್ಞಾನ-ಗಣಿತದ ಇಂಗ್ಲಿಷ್ ಪದಗಳನ್ನು ಪಟ್ಟಿ ಮಾಡಿಸಿಡಿ ಎನ್ನುವುದು ಇದಕ್ಕೇ.

ಇನ್ನೆರಡು ಬಾಗಿಲುಗಳು

ಐದನೇ ತರಗತಿ ಮುಖ್ಯವಾದ ತಿರುವು. ಆರನೇ ತರಗತಿಗೆ ಪರೀಕ್ಷೆ ಬರೆದು ಸೇರುವ ಜಿಲ್ಲೆಯ ನವೋದಯ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಇಂಗ್ಲಿಷ್ ಮಾಧ್ಯಮದ ಆದರ್ಶ ವಿದ್ಯಾಲಯ ಇವೆಲ್ಲ ಸರ್ಕಾರದವೇ. ನವೋದಯದಲ್ಲಿ ಊಟ-ವಸತಿ ಉಚಿತ, ಮೂರನೇ ಒಂದು ಪಾಲು ಸೀಟು ಹೆಣ್ಣುಮಕ್ಕಳಿಗೆ. ಅರ್ಜಿಯ ದಿನ ತಪ್ಪಿಸಿಕೊಳ್ಳಬೇಡಿ, ಶಾಲೆಯಲ್ಲಿ ಕೇಳುತ್ತಾ ಇರಿ.

ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಜಿನಿಯರಿಂಗ್ ಮುಂತಾದ ಸಿ.ಇ.ಟಿ. ಸೀಟುಗಳಲ್ಲಿ ನೂರಕ್ಕೆ 5, ಹಳ್ಳಿಯಲ್ಲಿ ಓದಿದವರಿಗೆ ನೂರಕ್ಕೆ 15 ಮೀಸಲಾತಿ ಇದೆ. ಇದೊಂದಕ್ಕೇ ಶಾಲೆ ಆರಿಸಬೇಡಿ, ಆದರೆ ತಿಳಿದಿರಲಿ.

ಇನ್ನೊಂದು ಬಾಗಿಲು ನಮ್ಮದೇ. ಸರ್ಕಾರಿ ಶಾಲೆಗೆ ಎಸ್.ಡಿ.ಎಂ.ಸಿ. ಎಂಬ ಸಮಿತಿ ಇರುತ್ತದೆ. ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ನಾವು "ಯಜಮಾನರು ಹೋಗ್ತಾರೆ ಬಿಡಿ" ಎಂದು ಮನೆಯಲ್ಲಿ ಕೂತರೆ ಶೌಚಾಲಯಕ್ಕೆ ನೀರು ಬೇಕೆಂದು ಕೇಳುವವರು ಯಾರು? ನಮ್ಮ ಸಮಿತಿಯಲ್ಲಿ ನಾಲ್ಕು ಜನ ತಾಯಂದಿರು ಮೂರು ಸಭೆಯಲ್ಲಿ ಅದನ್ನೇ ಕೇಳಿದ ಮೇಲೆ ನಲ್ಲಿ ಬಂತು. ಖಾಸಗಿ ಶಾಲೆಗೆ ಹಾಕಿದರೂ ಪೋಷಕರ ಸಭೆ ಬಿಡಬೇಡಿ. ಅಂಕಪಟ್ಟಿಗೆ ಸಹಿ ಹಾಕಿ ಬರುವುದಷ್ಟೇ ಅಲ್ಲ, ಬಾಯಿಬಿಟ್ಟು ಕೇಳಿ.

ಆದ್ದರಿಂದ ಸೋದರಿಯರೇ, ಈ ಏಪ್ರಿಲಿನಲ್ಲಿ ಪಕ್ಕದ ಮನೆಯವರ ಮಾತು ಕೇಳಿ ಶಾಲೆ ಗೊತ್ತುಮಾಡಬೇಡಿ. ಹತ್ತು ವರ್ಷದ ಖರ್ಚು ಬರೆಯಿರಿ. ಎರಡೂ ಥರದ ಶಾಲೆಗೆ ಹೋಗಿ ಬನ್ನಿ. ಮಗಳಿಗೂ ಮಗನಿಗೂ ಒಂದೇ ಅಳತೆ ಇಟ್ಟುಕೊಳ್ಳಿ. ಸರ್ಕಾರಿಯೋ ಖಾಸಗಿಯೋ, ಒಳ್ಳೆಯ ಟೀಚರು ಸಿಕ್ಕ ಕಡೆ ಮಗುವನ್ನು ಬಿಡಿ. ರಾತ್ರಿಯ ಅರ್ಧ ಗಂಟೆಯನ್ನು ಮಾತ್ರ ಯಾವ ಶಾಲೆಗೂ ವಹಿಸಬೇಡಿ, ಅದು ನಿಮ್ಮದು.